ಮಣ್ಣಿಗೆ ಹೋಗಿ ಬಂದ ಮೇಲೆ ಏನು ಓದಬೇಕು?

ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಸಾವಾದ ಮನೆ ಮೊದಲ ಹತ್ತು ಹನ್ನೊಂದು ದಿನ ಖಾಲಿ ಇರುವುದಿಲ್ಲ. ಮಣ್ಣಿಗೆ ಬಂದವರು, ಆವತ್ತು ಬರಲಾಗದೆ ಆಮೇಲೆ ಮಾತಾಡಿಸಲು ಬಂದವರು, ಬುತ್ತಿ ಕಟ್ಟಿಕೊಂಡು ಬಂದ ಬೀಗರು, ರಾತ್ರಿ ತಾಳ ಹಿಡಿದು ಭಜನೆಗೆ ಕೂತ ಓಣಿಯವರು, ಹೀಗೆ ಯಾರಾದರೂ ಇದ್ದೇ ಇರುತ್ತಾರೆ. ದಿನದ ಕಾರ್ಯ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರಾಗಿ, ಇನ್ನು ನಿದ್ದೆ ಬರುವುದಿಲ್ಲ ಎಂದು ಗೊತ್ತಾಗಿ, ಮನೆಯಲ್ಲಿ ಮಲಗಿದವರನ್ನು ಎಬ್ಬಿಸಲು ಮನಸ್ಸಿಲ್ಲದೆ ಕೂತಾಗ ‘ಏನಾದರೂ ಓದೋಣ’ ಎನ್ನಿಸುವುದು ಆಮೇಲಿನ ದಿನಗಳಲ್ಲಿ. ಆಗ ಕೈಗೆ ಸಿಗುವುದು ಮೊಬೈಲು. ಅದರಲ್ಲಿ ಬರುವ ‘ಧೈರ್ಯವಾಗಿರಿ’ ಸಂದೇಶಗಳನ್ನು ಹತ್ತು ಓದಿದರೂ ಒಂದೂ ಒಳಗಿಳಿಯುವುದಿಲ್ಲ.

ಇಂಥ ಹೊತ್ತಿಗೆ ಒದಗುವ ಓದು ಕನ್ನಡದಲ್ಲಿ ಬೇಕಾದಷ್ಟಿದೆ. ಅದರಲ್ಲಿ ಹೆಚ್ಚಿನದು ‘ದುಃಖ ನಿವಾರಣೆ’ ಎಂಬ ಹೆಸರು ಹೊತ್ತು ಬಂದದ್ದಲ್ಲ, ಹಾಗಾಗಿ ಹುಡುಕುವವರಿಗೆ ಸಿಗುವುದಿಲ್ಲ ಅಷ್ಟೆ. ನಾನು ಇಲ್ಲಿ ಹೇಳಹೊರಟಿರುವುದಕ್ಕೆಲ್ಲ ಆಧಾರ ಒಂದೇ ನಂಬಿಕೆ: ದುಃಖ ಕಳೆಯುತ್ತೇನೆ ಎನ್ನುವ ಪುಸ್ತಕಕ್ಕಿಂತ ದುಃಖದಲ್ಲಿದ್ದವರ ಪಕ್ಕ ಕೂರುವ ಪುಸ್ತಕ ಮೇಲು. ಗ್ರಂಥಾಲಯದಲ್ಲಿ ‘ವ್ಯಕ್ತಿತ್ವ ವಿಕಸನ’ದ ಕಪಾಟನ್ನು ಸದ್ಯಕ್ಕೆ ದಾಟಿ, ಆತ್ಮಕಥೆ, ನೆನಪಿನ ಬರಹ ಮತ್ತು ಕಾವ್ಯದ ಕಪಾಟಿನ ಮುಂದೆ ನಿಲ್ಲಿ.

ಅದಕ್ಕೂ ಮೊದಲು ಒಂದು ಮಾತು. ಮೊದಲ ಮೂರು ವಾರದಲ್ಲಿ ಪುಸ್ತಕ ಹಿಡಿದರೆ ಓದಿದ ಸಾಲನ್ನೇ ಮತ್ತೆ ಮತ್ತೆ ಓದುವಂತಾಗುತ್ತದೆ, ಪುಟ ತಿರುವಿದ ಮೇಲೆ ಹಿಂದಿನದು ನೆನಪಿರುವುದಿಲ್ಲ. ನಿದ್ದೆ ಕೆಟ್ಟ, ಊಟ ತಪ್ಪಿದ ದೇಹಕ್ಕೆ ಗಮನ ನಿಲ್ಲಿಸಲು ಆಗುವುದಿಲ್ಲ. ‘ನನ್ನ ತಲೆ ಕೆಟ್ಟಿತೇನೋ’ ಎಂದು ಹೆದರಬೇಕಾಗಿಲ್ಲ. ಆ ದಿನಗಳಲ್ಲಿ ಓದಲೇಬೇಕಾದದ್ದು ಕಾಗದಪತ್ರ ಮಾತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ನಗರದಲ್ಲಿ ಪಾಲಿಕೆ, ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ಪಟ್ಟಣದ ಸ್ಥಳೀಯ ಸಂಸ್ಥೆ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಬ್ಯಾಂಕು, ಪಹಣಿ, ಪಿಂಚಣಿ ಎಲ್ಲಕ್ಕೂ ಆ ಪ್ರಮಾಣಪತ್ರವೇ ಬೇಕು. ಈ ಓದನ್ನು ಸತ್ತವರ ಹೆಂಡತಿ ಅಥವಾ ಮಗನ ತಲೆಗೆ ಕಟ್ಟದೆ, ತುಸು ದೂರದ ನೆಂಟರೊಬ್ಬರು ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಸಾಂತ್ವನವಿಲ್ಲ.

ಓದಬಲ್ಲೆ ಎನ್ನಿಸಿದ ದಿನ ಚಿಕ್ಕದರಿಂದ ಶುರು ಮಾಡಿ. ಒಂದು ಪದ್ಯ ಅಥವಾ ಎರಡು ಪುಟದ ಒಂದು ನೆನಪು, ಸಾಕು. ಕಾದಂಬರಿಗೆ ಆಮೇಲೆ ಹೊತ್ತಿದೆ.

ನನ್ನನ್ನು ಕೇಳಿದರೆ ಮೊದಲು ಕೊಡುವುದು ಪಿ. ಲಂಕೇಶರ ‘ಅವ್ವ’. ತಾಯಿಯನ್ನು ಕಳೆದುಕೊಂಡವರಿಗೆ ಆ ಒಂದು ಕವಿತೆ ಮಾಡುವ ಕೆಲಸವನ್ನು ದಪ್ಪ ಪುಸ್ತಕಗಳು ಮಾಡಲಾರವು. ತಾಯಿಯನ್ನು ದೇವತೆ ಮಾಡಿ ಗೋಡೆಗೆ ತೂಗುಹಾಕುವ ಪದ್ಯ ಅದಲ್ಲ. ದುಡಿದು, ಬೈದು, ಸಿಟ್ಟಾಗಿ, ಹೊಲದ ಮಣ್ಣಲ್ಲಿ ಬದುಕು ಸವೆಸಿದ ಹೆಂಗಸೊಬ್ಬಳು ಅಲ್ಲಿ ಇದ್ದ ಹಾಗೇ ಇದ್ದಾಳೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎಂಬ ಒತ್ತಾಯದಲ್ಲಿ ನಾವು ನಿಜವಾದ ಮನುಷ್ಯರನ್ನು ಎರಡನೇ ಸಲ ಕಳೆದುಕೊಳ್ಳುತ್ತೇವೆ. ಆ ಒತ್ತಾಯದಿಂದ ಈ ಪದ್ಯ ಬಿಡುಗಡೆ ಕೊಡುತ್ತದೆ.

ಅಪ್ಪನನ್ನು ಕಳೆದುಕೊಂಡವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’. ಕುವೆಂಪು ತೀರಿಕೊಂಡದ್ದು 1994ರ ನವೆಂಬರ್‌ನಲ್ಲಿ. ಮಗ ಬರೆದ ಈ ಪುಸ್ತಕದಲ್ಲಿ ಗೋಳಾಟವಿಲ್ಲ, ಪುಟ ಪುಟಕ್ಕೂ ನಗು ಬರುತ್ತದೆ. ಸಾವಾದ ಮನೆಯಲ್ಲಿ ನಗು ಬಂದರೆ ಬಾಯಿಗೆ ಸೆರಗು ಅಡ್ಡ ಹಿಡಿಯುವ ನಮಗೆ, ಹೋದವರ ತಮಾಷೆಗಳನ್ನು ನೆನೆದು ನಗುವುದೂ ಪ್ರೀತಿಯೇ ಎಂದು ತೋರಿಸಿಕೊಡುವ ಪುಸ್ತಕ ಇದು.

ಆ ತೇಜಸ್ವಿಯವರೇ 2007ರ ಏಪ್ರಿಲ್‌ನಲ್ಲಿ ಹೋದರು. ಅವರ ಪತ್ನಿ ರಾಜೇಶ್ವರಿ ಬರೆದ ‘ನನ್ನ ತೇಜಸ್ವಿ’ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗೆ ನಾನು ಮೊದಲು ಸೂಚಿಸುವ ಪುಸ್ತಕ. ಪ್ರೀತಿ, ಮದುವೆ, ಕಾಗದಗಳು, ತೋಟ, ಅಡುಗೆ, ಜಗಳ ಎಲ್ಲವೂ ಅಲ್ಲಿ ನಿಧಾನವಾಗಿ ಬರುತ್ತವೆ. ದಪ್ಪ ಪುಸ್ತಕವೆಂದು ಹೆದರಬೇಡಿ, ಎಲ್ಲಿ ತೆಗೆದರೂ ಓದಬಹುದು. ‘ವಿಧವೆ’ ಎಂಬ ಪಟ್ಟದ ಹೊರಗೆ, ಜೊತೆಗಾರನೊಬ್ಬನನ್ನು ನೆನಪಿಸಿಕೊಳ್ಳುವ ಹೆಂಗಸಿನ ಮಾತು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಹಳ ಬೇಕಾಗಿದೆ. ಕುಂಕುಮ, ಬಳೆಗಳ ವಿಷಯದಲ್ಲಿ ಸುತ್ತಲಿನವರು ಅವರನ್ನು ಇನ್ನೂ ನೋಯಿಸುತ್ತಲೇ ಇದ್ದಾರೆ. ಇಂದಿರಾ ಲಂಕೇಶರ ‘ಹುಳಿ ಮಾವು ಮತ್ತು ನಾನು’ ಕೂಡ ಇದೇ ಸಾಲಿಗೆ ಸೇರುತ್ತದೆ. ಸುಖವಷ್ಟೇ ಇರದಿದ್ದ ದಾಂಪತ್ಯದ ಬಗ್ಗೆ ಅದರಲ್ಲಿ ಬಿಚ್ಚುಮಾತುಗಳಿವೆ. ನೋವು ಕೊಟ್ಟವರು ಸತ್ತಾಗ ಅಳುವುದೋ ಬಿಡುವುದೋ ತಿಳಿಯದೆ ಕೂತವರಿಗೆ ಆ ಪುಸ್ತಕ ಬೇಕಾಗುತ್ತದೆ.

ಶಿವರಾಮ ಕಾರಂತರ ‘ಅಳಿದ ಮೇಲೆ’ 1960ರ ಕಾದಂಬರಿ. ಯಶವಂತರಾಯ ಎಂಬವನು ಸತ್ತ ಮೇಲೆ, ಅವನನ್ನು ಅಷ್ಟಿಷ್ಟು ಬಲ್ಲ ಒಬ್ಬರು ಅವನ ಊರು, ನೆಂಟರು, ಹಳೆಯ ಪರಿಚಯದವರನ್ನು ಹುಡುಕಿಕೊಂಡು ಹೋಗುತ್ತಾರೆ. ಒಬ್ಬೊಬ್ಬರ ಬಾಯಲ್ಲೂ ಬೇರೆ ಬೇರೆ ಯಶವಂತ ಸಿಗುತ್ತಾನೆ. ಮೂರು ನಾಲ್ಕು ತಿಂಗಳು ಕಳೆದ ಮೇಲೆ ಇದನ್ನು ಓದಿ. ನಿಮ್ಮ ಅಪ್ಪನ ಹಳೆಯ ಗೆಳೆಯರನ್ನು ಹೋಗಿ ಮಾತಾಡಿಸಬೇಕು ಅನ್ನಿಸುತ್ತದೆ. ಅನ್ನಿಸಿದರೆ ತಡಮಾಡಬೇಡಿ, ಅವರಿಗೂ ವಯಸ್ಸಾಗಿರುತ್ತದೆ.

ಚಿಕ್ಕ ವಯಸ್ಸಿಗೇ ಮನೆಮಂದಿಯ ಸಾವು ಕಂಡವರಿಗೆ ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯ ಮೊದಲ ಭಾಗ ತೀರ ಹತ್ತಿರದ್ದು ಅನ್ನಿಸಬಹುದು. ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಒಯ್ದ ಬಾಲ್ಯ ಅದು. ಅದೇ ಅನುಭವದ ನೆರಳಿನಲ್ಲಿ ಬಂದ ಕಾದಂಬರಿ ‘ಗೃಹಭಂಗ’. ಆದರೆ ಒಂದು ಎಚ್ಚರಿಕೆ: ಮಗುವನ್ನು ಈಚೆಗಷ್ಟೇ ಕಳೆದುಕೊಂಡವರ ಕೈಗೆ ‘ಗೃಹಭಂಗ’ ಕೊಡಬೇಡಿ. ಅದರಲ್ಲಿ ಸಾವಿನ ಮೇಲೆ ಸಾವು ಬರುತ್ತದೆ, ಉಸಿರಾಡಲು ಬಿಡುವುದಿಲ್ಲ.

ಎಳೆ ಮಗುವಿನ ಸಾವಿಗೆ ನಮ್ಮ ಸಮಾಜ ದಿನವನ್ನೂ ಸರಿಯಾಗಿ ಮಾಡುವುದಿಲ್ಲ. ‘ಮತ್ತೊಂದು ಆಗುತ್ತೆ ಬಿಡವ್ವಾ’ ಎಂದು ಎದ್ದು ಹೋಗುತ್ತಾರೆ. ಆ ತಾಯ್ತಂದೆಯರಿಗೆ ಬೇಂದ್ರೆ ಇದ್ದಾರೆ. ಹಲವು ಮಕ್ಕಳನ್ನು ಮಣ್ಣಿಗಿಟ್ಟ ತಂದೆ ಅವರು. ದಾಂಪತ್ಯದ ಸುಖ ದುಃಖವನ್ನೆಲ್ಲ ಹೆಂಡತಿಯೆದುರು ತೋಡಿಕೊಂಡಂತಿರುವ ‘ಸಖೀಗೀತ’ ಉತ್ತರ ಕರ್ನಾಟಕದ ಆಡುಮಾತಿಗೆ ಹತ್ತಿರವಿರುವುದರಿಂದ ನಮ್ಮ ಕಿವಿಗೆ ಬೇಗ ಹತ್ತುತ್ತದೆ. ಮಗುವಿನ ಸಾವಿನೆದುರು ಕೂತ ಗಂಡ ಹೆಂಡಿರ ಕುರಿತು ಅವರು ಬರೆದ ಇನ್ನೊಂದು ಹಾಡನ್ನು ಅನೇಕರು ಪ್ರೇಮಗೀತೆಯೆಂದೇ ತಿಳಿದು ಕೇಳಿದ್ದಾರೆ. ಅವರ ಸಮಗ್ರ ಕಾವ್ಯ ‘ಔದುಂಬರಗಾಥೆ’ ಎಂಬ ಹೆಸರಿನಲ್ಲಿ ಸಂಪುಟಗಳಾಗಿ ಬಂದಿದೆ. ಗಂಡ ಹೆಂಡತಿ ಒಟ್ಟಿಗೆ ಕೂತು, ಒಬ್ಬರು ಓದಿ ಇನ್ನೊಬ್ಬರು ಕೇಳಬೇಕಾದ ಕಾವ್ಯ ಇದು. ಮಗು ಹೋದ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡದಂತಾಗಿರುತ್ತಾರೆ. ಈ ದುಃಖ ನಮ್ಮ ಸೀಮೆಗೆ ಹೊಸತೂ ಅಲ್ಲ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಬೆಟ್ಟಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದಾಗ ನವಶಿಲಾಯುಗದ ಜನರ ಸಮಾಧಿಗಳು ಸಿಕ್ಕವು. ಎಳೆಮಕ್ಕಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯಲ್ಲೇ ಹೂಳುವುದು ಆ ಕಾಲದ ನಮ್ಮ ಸೀಮೆಯ ಪದ್ಧತಿ. ಮಗುವನ್ನು ದೂರ ಬಿಡಲಾರದ ಕೈಗಳು ಆಗಲೂ ಇದ್ದವು.

ನಮ್ಮ ಸೀಮೆಯ ಶೋಕಕಾವ್ಯ ಎಂದರೆ ರಾಘವಾಂಕನ ‘ಹರಿಶ್ಚಂದ್ರಕಾವ್ಯ’. ಅವನು ಕವಿ ಹರಿಹರನ ಸೋದರಳಿಯ, ಹಂಪೆಯವನು. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹುಡುಕಿಕೊಂಡು ರಾತ್ರಿ ಕಾಡಿಗೆ ಹೋಗುವ ಚಂದ್ರಮತಿ, ಮಗನ ಹೆಣವನ್ನು ಹೊತ್ತು ಸುಡುಗಾಡಿಗೆ ಬಂದರೆ ಸುಂಕ ಕೇಳುವ ಕಾವಲುಗಾರ ಗಂಡನೇ ಆಗಿರುವುದು: ಈ ಭಾಗವನ್ನು ಶಾಲೆಯಲ್ಲಿ ಪರೀಕ್ಷೆಗೆಂದು ಓದಿದವರು ನಲವತ್ತು ವರ್ಷದ ಮೇಲೆ ಮತ್ತೆ ಓದಬೇಕು. ತಾಯಿಯೊಬ್ಬಳು ಹೇಗೆಲ್ಲ ಅಳಬಹುದು ಎಂಬುದಕ್ಕೆ ಕವಿ ಯಾವ ಅಡ್ಡಿಯನ್ನೂ ಇಟ್ಟಿಲ್ಲ. ಹಳೆಯ ಕನ್ನಡದ ಗಡಸು ಇರಬಹುದು, ಗದ್ಯಾನುವಾದ ಜೊತೆಗಿಟ್ಟುಕೊಳ್ಳಿ. ಇಲ್ಲವೇ ಊರಲ್ಲಿ ಗಮಕ ಬಲ್ಲವರಿದ್ದರೆ ಒಂದು ಸಂಜೆ ಮನೆಗೆ ಕರೆದು ಓದಿಸಿ. ಆದರೆ ಕೊನೆಯಲ್ಲಿ ಶಿವ ಪ್ರತ್ಯಕ್ಷನಾಗಿ ಮಗ ಎದ್ದು ಬರುತ್ತಾನೆ. ಆ ಕೊನೆ ನಮ್ಮ ಮನೆಗಳಿಗೆ ಬರುವುದಿಲ್ಲ. ಹೊಸ ದುಃಖದಲ್ಲಿರುವವರಿಗೆ ಓದುವಾಗ ಅಲ್ಲಿಯ ತನಕ ಹೋಗದೆ ನಿಲ್ಲಿಸುವುದು ಒಳಿತು ಎಂಬುದು ನನ್ನ ಅಭಿಪ್ರಾಯ.

ಬಳ್ಳಾರಿಯ ಮಂದಿಗೆ ಹರಿಶ್ಚಂದ್ರ ಪುಸ್ತಕದಲ್ಲಿ ಸಿಕ್ಕಿದ್ದಕ್ಕಿಂತ ರಂಗದ ಮೇಲೆ ಸಿಕ್ಕದ್ದು ಹೆಚ್ಚು. ತೆಲುಗಿನ ಮೊದಲ ದುರಂತ ನಾಟಕವೆಂದು ಹೆಸರಾದ ‘ವಿಷಾದ ಸಾರಂಗಧರ’ವನ್ನು ಬರೆದ ಧರ್ಮವರಂ ರಾಮಕೃಷ್ಣಮಾಚಾರ್ಯರು ಇದೇ ಊರಲ್ಲಿ ವಕೀಲರಾಗಿದ್ದವರು. ಅವರ ಸೋದರಳಿಯ ಬಳ್ಳಾರಿ ರಾಘವ (1880–1946) ಹರಿಶ್ಚಂದ್ರನ ಪಾತ್ರಕ್ಕೆ ಹೆಸರಾದವರು. ಸಿರುಗುಪ್ಪದ ಗಡಿ ಹಳ್ಳಿಗಳಲ್ಲಿ ತೆಲುಗು ಮನೆಮಾತಾದ ಹಿರಿಯರಿಗೆ ಸ್ಮಶಾನದ ದೃಶ್ಯದಲ್ಲಿ ಹಾಡುವ ಗುರ್ರಂ ಜಾಷುವಾ ಅವರ ಪದ್ಯಗಳು ಬಾಯಿಪಾಠ. ಅಂಥವರಿಗೆ ಕನ್ನಡ ಪುಸ್ತಕ ತಂದು ಒತ್ತಾಯಿಸಬೇಕಿಲ್ಲ. ‘ಆ ಪದ್ಯ ಒಂದ್ಸಲ ಹೇಳು ತಾತ’ ಎಂದರೆ ಸಾಕು. ಎದೆಯಲ್ಲಿರುವುದನ್ನು ಬಾಯಿಗೆ ತರುವುದೂ ಓದೇ.

ಗಂಡಸರ ವಿಷಯಕ್ಕೆ ಬಂದರೆ ನಮ್ಮಲ್ಲಿ ದೊಡ್ಡ ತೊಡಕಿದೆ. ಹೆಂಡತಿ ಸತ್ತ ಗಂಡಸನ್ನು ಮೂಲೆಯಲ್ಲಿ ಕೂರಿಸಿ ‘ಗಟ್ಟಿ ಮನಸ್ಸು ಮಾಡು ತಮ್ಮಾ, ಮಕ್ಕಳನ್ನ ನೋಡು’ ಎನ್ನುತ್ತಾರೆ. ಅವನು ಅಳದೆ ಗಟ್ಟಿಯಾಗುತ್ತಾನೆ, ಆಮೇಲೆ ಕುಡಿತಕ್ಕೆ ಬೀಳುತ್ತಾನೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ಮಗ ಲಕ್ಷಣಕುಮಾರನಿಗಾಗಿ, ತಮ್ಮನಿಗಾಗಿ, ಕರ್ಣನಿಗಾಗಿ ಬಾಯ್ಬಿಟ್ಟು ಅಳುತ್ತಾನೆ. ಛಲದಂಕಮಲ್ಲನೇ ಅತ್ತಿದ್ದಾನೆ. ಬಯಲಾಟ ನೋಡಿ ಬೆಳೆದ ನಮ್ಮ ಗಂಡಸರಿಗೆ ಆ ಪಾತ್ರ ಹೊಸತಲ್ಲ. ಮೊಹರಂ ದಿನಗಳಲ್ಲಿ ಅಲಾವಿಯ ಸುತ್ತ ಹಿಂದೂ ಮುಸಲ್ಮಾನರೆನ್ನದೆ ಹಾಡುವ ರಿವಾಯತ್ ಪದಗಳೂ ಕರ್ಬಲಾದ ಶೋಕವನ್ನೇ ಹಾಡುವಂಥವು. ಅಲ್ಲಿ ಗಂಡಸರು ಹತ್ತು ಜನರ ಮುಂದೆ ಎದೆ ಬಿಚ್ಚಿ ಹಾಡುತ್ತಾರೆ, ಅಳುತ್ತಾರೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಈ ಲೋಕವನ್ನು ಅರಿಯಲು ಒಳ್ಳೆಯ ಪುಸ್ತಕ.

ಧರ್ಮಗ್ರಂಥಗಳನ್ನು ಬಿಟ್ಟು ಈ ಲೇಖನ ಮುಗಿಯಲಾರದು. ಸಾವಿನ ದಿನಗಳಲ್ಲಿ ಅನೇಕ ಮನೆಗಳಲ್ಲಿ ಗರುಡ ಪುರಾಣ ಓದಿಸುತ್ತಾರೆ. ಸಂಪ್ರದಾಯವಾಗಿ ಬಂದದ್ದನ್ನು ಬಿಡಿ ಎನ್ನಲಾರೆ. ಆದರೆ ಯಮಲೋಕದ ಶಿಕ್ಷೆಗಳ ವರ್ಣನೆ ಕೇಳಿ ‘ನನ್ನ ಮಗನಿಗೂ ಹೀಗೇ ಆಗ್ತಿದೆಯಾ’ ಎಂದು ರಾತ್ರಿ ಕಂಗಾಲಾದ ತಾಯಂದಿರಿದ್ದಾರೆ. ಓದುವ ಶಾಸ್ತ್ರಿಗಳಿಗೆ ಮುಂಚೆಯೇ ಹೇಳಿ, ಆ ಅಧ್ಯಾಯಗಳನ್ನು ಮನೆಯವರೆದುರು ಓದುವುದು ಬೇಡ ಎನ್ನಬಹುದು. ಆತ್ಮಹತ್ಯೆಯಿಂದ ಸಾವಾದ ಮನೆಯಲ್ಲಂತೂ ಈ ಎಚ್ಚರ ಬೇಕೇ ಬೇಕು. ಲಿಂಗಾಯತ ಮನೆಗಳಲ್ಲಿ ವಚನಗಳಿವೆ. ಒಂದೊಂದೂ ಚಿಕ್ಕದಾದ್ದರಿಂದ ಗಮನ ನಿಲ್ಲದ ದಿನಗಳಿಗೆ ಸರಿಹೊಂದುತ್ತವೆ. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಪದ ಕೊಟ್ಟು ವಚನ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಮುಸಲ್ಮಾನ ಮನೆಗಳಲ್ಲಿ ಯಾಸೀನ್ ಓದುತ್ತಾರೆ. ಅರಬ್ಬಿ ಅರ್ಥವಾಗದ ಹೊಸ ತಲೆಮಾರಿನವರು ಕುರ್‌ಆನಿನ ಕನ್ನಡ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡರೆ ಓದಿದ್ದು ಮನಸ್ಸಿಗೂ ಮುಟ್ಟುತ್ತದೆ. ಕ್ರೈಸ್ತರಿಗೆ ಕೀರ್ತನೆಗಳು ಮತ್ತು ಯೋಬನ ಗ್ರಂಥ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬ ದೇವರನ್ನೇ ಪ್ರಶ್ನಿಸುತ್ತಾನೆ, ಸಮಾಧಾನ ಹೇಳಲು ಬಂದ ಗೆಳೆಯರ ಬುದ್ಧಿಮಾತು ಅವನಿಗೆ ಹಿಂಸೆಯಾಗುತ್ತದೆ. ಮಾತಾಡಿಸಲು ಹೋಗುವ ಯಾರೇ ಆದರೂ ಅದನ್ನು ಓದಿಕೊಂಡು ಹೋಗುವುದು ಒಳ್ಳೆಯದು. ಅಂದಹಾಗೆ ಬೈಬಲ್ಲು ಮೊದಮೊದಲು ಕನ್ನಡಕ್ಕೆ ಬಂದದ್ದೂ ಬಳ್ಳಾರಿಯ ದಾರಿಯಲ್ಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ನೆಲೆಸಿ ಆ ಅನುವಾದ ಮಾಡಿದರು.

ಮಕ್ಕಳಿಗೆ ಏನು ಓದಿ ಹೇಳಬೇಕು? ತಾಯಿ ಸತ್ತ ಮಗುವಿಗೆ ನಾವು ಯೋಚಿಸದೆ ಹೇಳಿಬಿಡುವ ಕಥೆ ಪುಣ್ಯಕೋಟಿಯದು. ತುಸು ಯೋಚಿಸಿ. ಆ ಕಥೆಯಲ್ಲಿ ತಾಯಿ ಕರುವನ್ನು ಬಿಟ್ಟು ಹೋಗುತ್ತಾಳೆ, ಆದರೆ ಕೊಟ್ಟ ಮಾತಿಗೆ ನಡೆದುಕೊಂಡದ್ದರಿಂದ ಬದುಕಿ ಬರುತ್ತಾಳೆ. ‘ಸಂಜೆ ಬರ್ತೀನಿ’ ಎಂದು ಆಸ್ಪತ್ರೆಗೆ ಹೋಗಿ ಮರಳದ ತಾಯಿಯ ಮಗುವಿಗೆ ಇದು ಹೇಗೆ ಕೇಳಿಸಬಹುದು? ನನ್ನ ಅವ್ವ ಮಾತು ತಪ್ಪಿದಳೇ, ನಾನೇನು ತಪ್ಪು ಮಾಡಿದೆ ಎಂದು ಅದು ಒಳಗೇ ಕೇಳಿಕೊಳ್ಳುತ್ತದೆ. ಎಲೆ ಉದುರುವುದು, ಮುದಿ ನಾಯಿ ಸಾಯುವುದು, ಅಜ್ಜಿಯ ಖಾಲಿ ಹಾಸಿಗೆ, ಇಂಥವನ್ನು ನೇರವಾಗಿ ಹೇಳುವ ಚಿತ್ರಪುಸ್ತಕಗಳು ಮೇಲು. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ತೆಲುಗು, ಉರ್ದುವಿನಲ್ಲೂ ಇವೆ. ಓದುವಾಗ ‘ಮಲಗಿದ್ದಾರೆ’, ‘ಊರಿಗೆ ಹೋಗಿದ್ದಾರೆ’ ಎನ್ನದೆ ‘ಸತ್ತುಹೋದರು, ಮತ್ತೆ ಬರುವುದಿಲ್ಲ’ ಎಂದೇ ಹೇಳಿ. ಮಲಗಿದವರು ಏಳಲಿಲ್ಲ ಎಂದು ಕೇಳಿದ ಮಗು ನಿದ್ದೆಗೇ ಹೆದರುತ್ತದೆ. ಒಂದೇ ಕಥೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಓದಿ.

ಕೆಲವು ಸಾವುಗಳಿಗೆ ಬೇರೆಯದೇ ಗಂಟು ಇರುತ್ತದೆ. 2020ರ ಜೂನ್ ಕೊನೆಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಬಳ್ಳಾರಿಯಲ್ಲಿ ಗುಂಡಿಗೆ ಎಸೆಯುತ್ತಿದ್ದ ದೃಶ್ಯ ದೇಶವೆಲ್ಲ ಹರಿದಾಡಿತು, ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ವರ್ಷ, ಅದರ ಮುಂದಿನ ವರ್ಷ ಎಷ್ಟೋ ಮನೆಗಳವರು ತಮ್ಮವರ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಇಷ್ಟು ವರ್ಷವಾದರೂ ಆ ನೋವು ಹಾಗೇ ಇದೆ. ಅವರಿಗೆ ಸೊಫೊಕ್ಲಿಸನ ‘ಅಂತಿಗೊನೆ’ ಓದಲು ಹೇಳುತ್ತೇನೆ, ಲಂಕೇಶರ ಅನುವಾದವಿದೆ. ಅಣ್ಣನ ಹೆಣಕ್ಕೆ ಸಂಸ್ಕಾರ ಮಾಡಕೂಡದು ಎಂದು ದೊರೆ ಆಜ್ಞೆ ಮಾಡಿದರೂ ಮಣ್ಣು ಹಾಕಿಯೇ ತೀರುವ ತಂಗಿಯ ನಾಟಕ ಅದು. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಸಿನಲ್ಲಿ ಬರೆದದ್ದು ನಮ್ಮ ಸುಡುಗಾಡಿನ ಮಾತನ್ನೇ ಆಡುತ್ತದೆ. ಓದಿದ ಮೇಲೆ, ಆಗ ಬಿಟ್ಟುಹೋದದ್ದನ್ನು ಈಗ ಮಾಡಲು ಮನಸ್ಸಾದರೆ ಮಾಡಿ. ಗುರುತಿದ್ದ ಜಾಗಕ್ಕೆ ಹೋಗಿ ಹೂವಿಟ್ಟು ಬರಬಹುದು, ಮನೆಯಲ್ಲೇ ನಾಲ್ಕು ಜನರನ್ನು ಕರೆದು ಭಜನೆ ಮಾಡಿಸಬಹುದು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ತಾಯಿಯಿಲ್ಲದ ಕೂಸುಗಳು ಉಳಿದವು. ಹೀಗೆ ಸಿಟ್ಟೂ ದುಃಖವೂ ಬೆರೆತಿರುವಲ್ಲಿ ಸಮಾಧಾನದ ಓದು ಕೊಡಲು ಹೋಗಬಾರದು. ಅವರಿಗೆ ನ್ಯಾಯದ ಮಾತು ಮೊದಲು ಬೇಕು. ಕೂಸು ದೊಡ್ಡದಾದ ಮೇಲೆ ಓದಲೆಂದು ತಾಯಿಯ ಬಗ್ಗೆ ಮನೆಯವರು ಒಬ್ಬೊಬ್ಬರೂ ಒಂದೊಂದು ಪುಟ ಬರೆದಿಡಬಹುದು. ಅವಳಿಗೆ ಇಷ್ಟದ ಸೀರೆಯ ಬಣ್ಣ, ಬೈಯುವಾಗ ಬಳಸುತ್ತಿದ್ದ ಮಾತು, ಬಸುರಿಯಾಗಿದ್ದಾಗ ಬಯಸಿ ತಿಂದದ್ದು. ಬರೆಯಲು ಬಾರದವರು ಹೇಳಲಿ, ಓದು ಬಲ್ಲ ಹುಡುಗಿಯೊಬ್ಬಳು ಬರೆದುಕೊಳ್ಳಲಿ. ಈಗ ಬರೆಯದಿದ್ದರೆ ಇವೆಲ್ಲ ಮರೆತುಹೋಗುತ್ತವೆ.

ಇನ್ನು ಆರೋಗ್ಯದ ಪುಸ್ತಕಗಳು. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಬಹಳಷ್ಟು ಕಿರುಪುಸ್ತಕ ಬರೆದಿದ್ದಾರೆ. ನವಕರ್ನಾಟಕದವರ ಪಟ್ಟಿಯಲ್ಲಿ ನೋಡಿ. ಖಿನ್ನತೆ ಎಂದರೇನು, ನಿದ್ದೆಗೆ ಏನು ಮಾಡಬೇಕು ಎಂಬಂಥ ಪ್ರಶ್ನೆಗಳಿಗೆ ಇಂಥವು ಒದಗುತ್ತವೆ. ‘ಕೊರವಂಜಿ’ಯ ಡಾ. ಎಂ. ಶಿವರಾಂ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳೆಯದಾದರೂ ಮನಸ್ಸಿನ ಬಗ್ಗೆ ಇಷ್ಟು ಆತ್ಮೀಯವಾಗಿ ಬರೆದ ವೈದ್ಯರು ಕಡಿಮೆ. ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಬಿಡಿಸಬೇಕು. ದುಃಖಕ್ಕೆ ಐದು ಹಂತ, ನಿರಾಕರಣೆಯಿಂದ ಶುರುವಾಗಿ ಒಪ್ಪಿಕೊಳ್ಳುವುದರಲ್ಲಿ ಮುಗಿಯುತ್ತದೆ ಎಂದು ಎಲ್ಲೆಲ್ಲೂ ಬರೆದಿರುತ್ತಾರೆ. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರ ದುಃಖ ಆ ಐದು ಮೆಟ್ಟಿಲನ್ನು ಸಾಲಾಗಿ ಹತ್ತಬೇಕೆಂದೇನೂ ಇಲ್ಲ. ‘ನಾನು ಯಾವ ಹಂತದಲ್ಲಿದ್ದೇನೆ’ ಎಂದು ಲೆಕ್ಕ ಹಾಕುತ್ತ ಕೂರಬೇಡಿ.

ಓದು ಸಾಲದಾಗುವ ಹೊತ್ತೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ 2022ರಿಂದ ಜಾರಿಯಲ್ಲಿದೆ. ಆರು ತಿಂಗಳು ದಾಟಿದರೂ ತೀವ್ರತೆ ತಗ್ಗದೆ, ದಿನನಿತ್ಯದ ಬದುಕನ್ನೇ ನಿಲ್ಲಿಸಿಬಿಟ್ಟ ದುಃಖವನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಅದು ಗುರುತಿಸುತ್ತದೆ. ಆದರೆ ಸಾಯುವ ಮಾತು ಬಂದರೆ ಆರು ದಿನವೂ ಕಾಯಬಾರದು. ‘ನಾನೂ ಅವರ ಹಿಂದೆ ಹೋಗ್ತೀನಿ’ ಎಂದು ಪದೇಪದೇ ಹೇಳುವುದು, ಊಟ ಪೂರ್ತಿ ಬಿಡುವುದು, ಕುಡಿತ ಏರುವುದು ಕಂಡರೆ ಅಂಥವರನ್ನು ಒಬ್ಬರೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಹೊರಗೆ, ಬೀಗದಲ್ಲಿಡಿ. ಟೆಲಿಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಸುವ ‘ಮನೋಚೈತನ್ಯ’ ಚಿಕಿತ್ಸೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ‘ಹುಚ್ಚಿನ ಡಾಕ್ಟರ್’ ಎಂದು ಹಿಂಜರಿಯುವವರಿಗೆ ಒಂದು ಸಂಗತಿ ಹೇಳಬೇಕು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡ ಮೇಲೆ, ಅದು ಹಳ್ಳಿಗೆ ತಲುಪುವುದು ಹೇಗೆ ಎಂದು ನಿಮ್ಹಾನ್ಸ್‌ನವರು ಆ ದಶಕದ ಮಧ್ಯದಲ್ಲಿ ಪ್ರಯೋಗ ಮಾಡಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೂ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಈ ‘ಬಳ್ಳಾರಿ ಮಾದರಿ’ಯ ಮೇಲೆಯೇ. ದೇಶಕ್ಕೆ ದಾರಿ ತೋರಿದ ಜಿಲ್ಲೆಯವರು ಆ ದಾರಿಯಲ್ಲಿ ನಡೆಯಲು ನಾಚಬೇಕಿಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ? ಬಳ್ಳಾರಿ ನಗರದವರಿಗೆ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ಸದಸ್ಯರಾದರೆ ಮನೆಗೆ ಒಯ್ಯಬಹುದು. ಸಿರುಗುಪ್ಪ, ಕುರುಗೋಡಿನವರು ತಮ್ಮ ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಲಿ. ಹಳ್ಳಿಗಳ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೇ ಕಣ್ಣಿಗೆ ಬೀಳುತ್ತವೆ, ಆದರೆ ಕಾರಂತ, ಬೇಂದ್ರೆ, ತೇಜಸ್ವಿ ಹಿಂದಿನ ಸಾಲಿನಲ್ಲಿ ಇರುವ ಸಾಧ್ಯತೆ ಹೆಚ್ಚು. ‘ದುಃಖಕ್ಕೆ ಪುಸ್ತಕ ಕೊಡಿ’ ಎಂದು ಕೇಳಲು ಸಂಕೋಚವಾದರೆ ಲೇಖಕರ ಹೆಸರು ಹೇಳಿ ಕೇಳಿ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಆ್ಯಪ್ ಉಚಿತ. ಕೊಂಡುಕೊಳ್ಳುವವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ದೂರವಿಲ್ಲ, ನಗರದಲ್ಲೇ ಲೋಹಿಯಾ ಪ್ರಕಾಶನವಿದೆ. ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದು, ಅಪ್ಪನ ಮಣ್ಣಿಗೆ ವಿಮಾನ ಸಿಗದೆ ತಡವಾಗಿ ಬಂದ ಮಕ್ಕಳು ಇಂಗ್ಲಿಷಿನಲ್ಲಿ ಓದಬಯಸಿದರೆ ಜೋನ್ ಡಿಡಿಯನ್ ಗಂಡನ ಸಾವಿನ ಮರುವರ್ಷದ ಬಗ್ಗೆ ಬರೆದ 2005ರ ಪುಸ್ತಕವನ್ನು, 2004ರ ಸುನಾಮಿಯಲ್ಲಿ ಗಂಡ, ಇಬ್ಬರು ಮಕ್ಕಳು, ತಂದೆ ತಾಯಿ ಎಲ್ಲರನ್ನೂ ಕಳೆದುಕೊಂಡ ಶ್ರೀಲಂಕಾದ ಸೊನಾಲಿ ದೆರಣಿಯಗಲ ಅವರ ‘ವೇವ್’ ಅನ್ನು ನೋಡಬಹುದು. ಎರಡನೆಯದು ಬಹಳ ಕಠಿಣ. ಗಟ್ಟಿಯಾದ ಮೇಲೆ ಓದುವಂಥದ್ದು.

ಅಚ್ಚಾದದ್ದೇ ಓದಬೇಕೆಂದಿಲ್ಲ. ಸಿರುಗುಪ್ಪ ತಾಲ್ಲೂಕಿನ ಹೊಳೆ ದಂಡೆಯ ಊರಲ್ಲಿ ಭತ್ತ ಬೆಳೆಯುತ್ತಿದ್ದ ಅಪ್ಪನ ಲೆಕ್ಕದ ಪುಸ್ತಕವನ್ನು ಮಗಳೊಬ್ಬಳು ತೋರಿಸಿದ್ದಳು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ‘ಕಾಲುವೆಗೆ ನೀರು ಬಿಟ್ಟರು’, ‘ಸೋನಾ ಮಸೂರಿ ಇಷ್ಟು ಚೀಲ’, ‘ನಾಟಿ ಆಳು’, ‘ಯೂರಿಯಾ’ ಎಂದು ವರ್ಷಗಟ್ಟಲೆ ನೀಲಿ ಪೆನ್ನಿನ ಬರಹ. ಒಂದು ಪುಟದ ಅಂಚಿನಲ್ಲಿ ಗೊಬ್ಬರದ ಬಾಕಿಯ ಪಕ್ಕಕ್ಕೆ ಅವಳ ಎಸ್ಸೆಸ್ಸೆಲ್ಸಿ ಅಂಕಗಳು, ವಿಷಯವಾರು, ಕೆಳಗೆ ಎರಡು ಗೆರೆ ಎಳೆದು ಒಟ್ಟು ಮೊತ್ತ. ಬಾಯಿಬಿಟ್ಟು ಒಮ್ಮೆಯೂ ಹೊಗಳದ ಅಪ್ಪ ಅದನ್ನು ಬರೆದಿಟ್ಟಿದ್ದ. ಮನೆ ಸ್ವಚ್ಛ ಮಾಡುವ ಭರದಲ್ಲಿ ಇಂಥ ಪುಸ್ತಕ, ಚೀಟಿ, ಹಳೆಯ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಒಂದು ವರ್ಷ ಹಾಗೇ ಇಡಿ. ಓದಲು ಆಗದಿದ್ದರೆ ಬೇಡ, ಇರಲಿ.

ವರ್ಷದ ದಿನ ಊಟ ಹಾಕಿಸುವುದರ ಜೊತೆಗೆ ಹೋದವರ ಹೆಸರಲ್ಲಿ ಊರಿನ ಅರಿವು ಕೇಂದ್ರಕ್ಕೆ ಪುಸ್ತಕ ಕೊಡಬೇಕೆನ್ನುವವರು ಮೊದಲು ಅಲ್ಲಿನ ಮೇಲ್ವಿಚಾರಕರನ್ನು ಭೇಟಿಯಾಗಿ. ಈಗಾಗಲೇ ಇರುವುದನ್ನೇ ಮತ್ತೆ ಕೊಡುವ ಬದಲು ಪಟ್ಟಿ ನೋಡಿ ಕೊಂಡುಕೊಳ್ಳಿ. ವಯಸ್ಸಾದವರೂ ಓದುವಂತೆ ದಪ್ಪ ಅಕ್ಷರದ ಮುದ್ರಣ ಸಿಕ್ಕರೆ ಅದನ್ನೇ ಆರಿಸಿ. ಮೇಲೆ ಹೇಳಿದವುಗಳಲ್ಲಿ ‘ಅಣ್ಣನ ನೆನಪು’ ಮತ್ತು ‘ನನ್ನ ತೇಜಸ್ವಿ’ ಎರಡನ್ನಾದರೂ ಸೇರಿಸಿ.